ಫೋಟೊ ಗಿಫ್ಟ್: ಖರ್ಚು ಉಳಿಸುವುದು ಎಲ್ಲಿ?

ಮದುವೆ, ಮಗುವಿಗೆ ಹೆಸರಿಡುವ ದಿನ, ರಜೆ ಮುಗಿಸಿ ಗಲ್ಫಿಗೆ ಹೊರಟ ಅಣ್ಣ... ಈಗ ಎಲ್ಲದಕ್ಕೂ ಫೋಟೊ ಹಾಕಿದ ಮಗ್, ಫ್ರೇಮ್, ಕೀಚೈನ್ ಕೊಡುವುದು ರೂಢಿಯಾಗಿದೆ. ಕೊಡುವ ಮನಸ್ಸು ಒಳ್ಳೆಯದೇ. ಆದರೆ ಮಸುಕಾಗಿ ಬಂದ ಪ್ರಿಂಟನ್ನು ಎರಡನೇ ಸಲ ಮಾಡಿಸುವುದು, ಕೊನೆಯ ದಿನ ಅರ್ಜೆಂಟ್ ಎಂದು ಹೆಚ್ಚು ಕೊಡುವುದು, ಇವೆರಡರಲ್ಲೇ ಹಣ ಸೋರಿ ಹೋಗುತ್ತದೆ.

ಮಸುಕಾಗಲು ಮುಖ್ಯ ಕಾರಣ ವಾಟ್ಸ್ಆ್ಯಪ್. ಅಲ್ಲಿ ಮಾಮೂಲಿಯಾಗಿ ಕಳಿಸಿದರೆ ಫೋಟೊ ಕುಗ್ಗುತ್ತದೆ. ನಾಲ್ಕು ಗ್ರೂಪ್ ಸುತ್ತಿ ಬಂದದ್ದಾದರೆ ಕೇಳುವುದೇ ಬೇಡ. ದುಬೈಯಲ್ಲಿರುವ ಮಗನಿಗೆ ‘ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸು ಮಗಾ’ ಎಂದು ಹೇಳಿದರೆ ಸಾಕು, ಮೂಲ ಫೋಟೊ ಹಾಗೆಯೇ ಬರುತ್ತದೆ. 4x6 ಇಂಚಿನ ಪ್ರಿಂಟ್ ಚೆನ್ನಾಗಿ ಬರಲು 1200x1800 ಪಿಕ್ಸೆಲ್ ಬೇಕು. ದೂರದಿಂದ ನೋಡುವ ಗೋಡೆಯ ಫ್ರೇಮಿಗೆ ಇಷ್ಟು ಬಿಗಿ ಲೆಕ್ಕ ಬೇಡ. ಇನ್ನೊಂದು, ಮೊಬೈಲ್ ಫೋಟೊದ ಅಳತೆ ಸಾಮಾನ್ಯವಾಗಿ 4:3, ಈ ಪ್ರಿಂಟಿನದ್ದು 3:2. ಅಂಚು ಕತ್ತರಿಸಲೇಬೇಕು. ನೋಡದೆ ಒಪ್ಪಿದರೆ ಉಪ್ಪನ ಟೊಪ್ಪಿಯೇ ಹೋದೀತು ಮಾರಾಯ್ರೆ!

ಬಿಡಿ ಫೋಟೊ ಹಲವು ಬೇಕಿದ್ದರೆ 12x18 ಇಂಚಿನ ಒಂದು ಹಾಳೆಯ ದರವನ್ನೂ ಕೇಳಿ. ಅದರಲ್ಲಿ 4x6ರ ಒಂಬತ್ತು ಫೋಟೊ ಸರಿಯಾಗಿ ಕೂರುತ್ತವೆ. ಕತ್ತರಿಸುವ ಕೆಲಸ ಮನೆಯಲ್ಲೇ ಆದೀತು. ಎಲ್ಲ ಕಡೆ ಇದು ಅಗ್ಗ ಎಂದೇನಿಲ್ಲ, ಎರಡೂ ದರ ಕೇಳಿ ಲೆಕ್ಕ ಹಾಕಿ.

ಮಗ್ಗಿನ ವಿಷಯ ಬೇರೆ. ವಿಶೇಷ ಶಾಯಿಯಲ್ಲಿ ಕಾಗದದ ಮೇಲೆ ಮುದ್ರಿಸಿ, ಅದನ್ನು ಲೇಪನವಿರುವ ಮಗ್ಗಿಗೆ ಸುತ್ತಿ ಯಂತ್ರದಲ್ಲಿ ಬಿಸಿ ಮಾಡುತ್ತಾರೆ. ಕೆಲವು ನಿಮಿಷಗಳ ಕೆಲಸ ಅಷ್ಟೆ. ಹಾಗಾಗಿ ಆ ಯಂತ್ರ ಇರುವ ಅಂಗಡಿಗೇ ಹೋಗಿ. ಆರ್ಡರ್ ಮಾತ್ರ ತೆಗೆದುಕೊಂಡು ಬೇರೆಡೆ ಮಾಡಿಸುವವರು ನಡುವೆ ತಮ್ಮ ಪಾಲು ಸೇರಿಸುತ್ತಾರೆ. ಹತ್ತು ಮಗ್ ಒಟ್ಟಿಗೆ ಬೇಕಾದರೆ ಚೌಕಾಸಿಗೆ ನಾಚಿಕೆ ಬೇಡ, ಆದರೆ ಮೊದಲು ಒಂದನ್ನು ಮಾಡಿಸಿ ನೋಡಿ. ಬಿಸಿನೀರು ಹಾಕಿದರೆ ಚಿತ್ರ ಕಾಣುವ ಮಗ್ಗಿಗೆ ಹೆಚ್ಚು ಕೊಡಬೇಕು. ಎರಡು ದಿನದ ಬೆರಗಿಗೆ ಅದು ದುಬಾರಿ ಎಂಬುದು ನನ್ನ ಅಭಿಪ್ರಾಯ. ಗಲ್ಫಿಗೆ ಒಯ್ಯುವುದಾದರೆ ತೂಕವನ್ನೂ ನೆನಪಿಡಿ, ಸೆರಾಮಿಕ್ ಮಗ್ ಒಂದೇ ಮುನ್ನೂರು ಗ್ರಾಮಿನ ಆಸುಪಾಸು ತೂಗುತ್ತದೆ.

ಆನ್‌ಲೈನಿನಲ್ಲಿ ಕಾಣುವ ರಿಯಾಯಿತಿಗೆ ಡೆಲಿವರಿ ಖರ್ಚು ಸೇರಿಸಿಯೇ ಹೋಲಿಸಬೇಕು. ನಮ್ಮ ಫೋಟೊ ಹಾಕಿದ ವಸ್ತುವನ್ನು ಹಿಡಿಸಲಿಲ್ಲವೆಂದು ಮರಳಿಸಲು ಸಾಮಾನ್ಯವಾಗಿ ಬಿಡುವುದಿಲ್ಲ.

ಹಣಕ್ಕಿಂತ ದೊಡ್ಡ ಸಂಗತಿ ಒಂದಿದೆ. ಮನೆಯ ಹೆಣ್ಣುಮಕ್ಕಳ ಫೋಟೊ ಅಂಗಡಿಯ ಕಂಪ್ಯೂಟರಿನಲ್ಲಿ, ಕೆಲಸದ ಹುಡುಗನ ಮೊಬೈಲಿನಲ್ಲಿ ಉಳಿದುಬಿಡುತ್ತದೆ. ಪೆನ್‌ಡ್ರೈವಿನಲ್ಲಿ ಬೇಕಾದ ಫೋಟೊ ಮಾತ್ರ ಹಾಕಿ ಕೊಡಿ, ಕೆಲಸ ಮುಗಿದ ಮೇಲೆ ಎದುರಲ್ಲೇ ಡಿಲೀಟ್ ಮಾಡಿಸಿ. ಮಗ್ಗಿಗೆ ಫೋಟೊ ಇರಲೇಬೇಕೆಂದೇನೂ ಇಲ್ಲ, ಚಂದದ ಅಕ್ಷರದಲ್ಲಿ ಹೆಸರು ಬರೆಸಿದರೂ ಉಡುಗೊರೆಯೇ.

ಹೀಗೆ ಉಳಿದ ದುಡ್ಡಿನಲ್ಲಿ ಅಜ್ಜಿಯ ಪೆಟ್ಟಿಗೆಯಲ್ಲಿರುವ ಹಳೆ ಕಪ್ಪು-ಬಿಳುಪು ಫೋಟೊವನ್ನು ಸ್ಕ್ಯಾನ್ ಮಾಡಿಸಬಹುದು. ಮೊಬೈಲಿನಲ್ಲಿ ಫೋಟೊ ಹೊಡೆದರೆ ಬೆಳಕಿನ ಹೊಳಪು ಬೀಳುತ್ತದೆ. ಸ್ಕ್ಯಾನರಿನಲ್ಲಿಟ್ಟು 600 ಡಿಪಿಐಗೆ ಮಾಡಿಕೊಡಿ ಎಂದು ಕೇಳಿ. ನಮ್ಮ ಮಳೆಗಾಲದ ತೇವಕ್ಕೆ ಆ ಕಾಗದ ಇನ್ನೆಷ್ಟು ವರ್ಷ ತಾಳೀತು?