ಕಡಿಮೆಯಾದಷ್ಟೂ ಓಟ ಹೆಚ್ಚು!

ಮಕ್ಕಳೇ, ಮೊಬೈಲಿನ ಎಷ್ಟೋ ಆಟಗಳು ಮೊದಲು ಸುಲಭವಾಗಿದ್ದು, ಆಡುತ್ತಾ ಹೋದಂತೆ ವೇಗವಾಗುತ್ತವೆ. ಈ ಗುಣವನ್ನು ಜನಪ್ರಿಯಗೊಳಿಸಿದ ಹಳೆಯ ಆಟಗಳಲ್ಲಿ ಜಪಾನಿನ ‘ಸ್ಪೇಸ್ ಇನ್ವೇಡರ್ಸ್’ ಒಂದು. 1978ರಲ್ಲಿ ಟೈಟೊ ಕಂಪನಿಯ ತೊಮೊಹಿರೊ ನಿಶಿಕಾಡೊ ಎಂಬುವರು ಇದನ್ನು ರೂಪಿಸಿದರು. ಆಗ ದೊಡ್ಡ ಯಂತ್ರಕ್ಕೆ ನಾಣ್ಯ ಹಾಕಿ ಆಡಬೇಕಿತ್ತು.

ಪರದೆಯ ಮೇಲೆ 5 ಸಾಲುಗಳಲ್ಲಿ 55 ಅನ್ಯಗ್ರಹ ಜೀವಿಗಳು. ಅವು ಅತ್ತಿತ್ತ ಸರಿಯುತ್ತಾ ಕೆಳಗಿಳಿಯುತ್ತವೆ. ನಾವು ಕೆಳಗಿನಿಂದ ಗುಂಡು ಹಾರಿಸಿ ಅವನ್ನು ಹೊಡೆಯಬೇಕು. ಸೋಜಿಗವೆಂದರೆ, ಅವು ಕಡಿಮೆಯಾದಷ್ಟೂ ಉಳಿದವುಗಳ ಓಟ ಹೆಚ್ಚುತ್ತದೆ! ಏಕೆ?

ಆ ಯಂತ್ರದ ಚಿಪ್ ಇಂದಿನ ಚಿಪ್‌ಗಳಿಗಿಂತ ಬಹಳ ನಿಧಾನ. ಪರದೆಯ ಚಿತ್ರ ಸೆಕೆಂಡಿಗೆ 60 ಬಾರಿ ಮೂಡುತ್ತಿತ್ತು. ಪ್ರತಿ ಬಾರಿಯೂ ಚಿಪ್ ಒಂದೇ ಒಂದು ಜೀವಿಯನ್ನು ಸರಿಸುತ್ತಿತ್ತು. ಹಾಗಾಗಿ 55 ಜೀವಿಗಳೂ ಒಂದೊಂದು ಹೆಜ್ಜೆ ಇಡಲು ಹೆಚ್ಚುಕಡಿಮೆ ಒಂದು ಸೆಕೆಂಡು ಬೇಕಿತ್ತು.

ನಿಮ್ಮ ಬಿಸಿಯೂಟದ ಸಾಲನ್ನು ನೆನೆಯಿರಿ. ಬಡಿಸುವವರು ಒಬ್ಬರೇ. 55 ಮಂದಿ ಕುಳಿತಿದ್ದರೆ ಸಾರಿನ ಸೌಟು ಮತ್ತೆ ನಿಮ್ಮ ತಟ್ಟೆಗೆ ಬರುವುದು ತಡ. ಐದೇ ಮಂದಿ ಉಳಿದಿದ್ದರೆ? ಬಡಿಸುವ ಕೈಯ ವೇಗ ಅಷ್ಟೇ, ಆದರೆ ಸರದಿ ಬೇಗ ಬರುತ್ತದೆ. ಚಿಪ್‌ನದೂ ಇದೇ ಕಥೆ.

ನಿಶಿಕಾಡೊ ಇದನ್ನು ಮೊದಲೇ ಯೋಚಿಸಿರಲಿಲ್ಲ. ಆದರೆ ಆಟದ ರಂಗು ಏರಿದ್ದನ್ನು ಕಂಡು ಹಾಗೆಯೇ ಉಳಿಸಿಕೊಂಡರು. ಜಾಣರಲ್ಲವೇ! ಇಂದಿನ ಮೊಬೈಲಿನ ಚಿಪ್‌ಗೆ 55 ಜೀವಿಗಳನ್ನೂ ಒಮ್ಮೆಲೇ ಸರಿಸುವುದು ಸಲೀಸು. ಆದ್ದರಿಂದ ಈಗ ಇಂಥ ಆಟ ಬರೆಯುವವರು ಆ ಓಟವನ್ನು ಲೆಕ್ಕ ಹಾಕಿ, ಬೇಕೆಂದೇ ಸೇರಿಸಬೇಕು.

30 ಜೀವಿಗಳು ಉಳಿದಾಗ ಎಲ್ಲವೂ ಒಂದು ಹೆಜ್ಜೆ ಇಡಲು ಎಷ್ಟು ಹೊತ್ತು ಬೇಕು? ನೀವೇ ಲೆಕ್ಕ ಮಾಡಿ.