ಹೃದಯಕ್ಕೆ ಸೈಕಲ್ ಸಾಕು, ಮೂಳೆಗೆ ಸಾಲದು

ರೇಸಿನ ಋತು ಮುಗಿದ ಮೇಲೆ ಸೈಕಲ್ ಬದಿಗಿಟ್ಟು ಓಡಬೇಕೇ, ಭಾರ ಎತ್ತಬೇಕೇ? ಸೈಕ್ಲಿಸ್ಟ್‌ಗಳು ಪ್ರತಿವರ್ಷ ಕೇಳುವ ಪ್ರಶ್ನೆ ಇದು. ಮನಸ್ಸಿಗೆ ಬದಲಾವಣೆ, ದೇಹಕ್ಕೆ ಸಮತೋಲನ ಎಂದೆಲ್ಲ ಸಿಗುವ ಉತ್ತರಗಳಲ್ಲಿ ಹೆಚ್ಚಿನವನ್ನು ಅಳೆದು ತೋರಿಸುವುದು ಕಷ್ಟ. ಅಳೆಯಲು ಬರುವ, ಆದರೂ ಅಷ್ಟಾಗಿ ಚರ್ಚೆಯಾಗದ ಕಾರಣ ಒಂದಿದೆ, ಅದು ಮೂಳೆ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪುರುಷ ಸೈಕ್ಲಿಸ್ಟ್‌ಗಳನ್ನು ಓಟಗಾರರ ಜೊತೆ ಹೋಲಿಸಿದ್ದರು. ಬೆನ್ನೆಲುಬು ಅಥವಾ ಸೊಂಟದ ಮೂಳೆ ಸಾಂದ್ರತೆ ಕುಗ್ಗಿದ್ದವರು ಓಟಗಾರರಲ್ಲಿ ಶೇ 19, ಸೈಕ್ಲಿಸ್ಟ್‌ಗಳಲ್ಲಿ ಶೇ 63. ಅದೇ ವರ್ಷದ ಇನ್ನೊಂದು ಅಧ್ಯಯನ ಸ್ಪರ್ಧಾತ್ಮಕ ಸೈಕ್ಲಿಸ್ಟ್‌ಗಳನ್ನು ಒಂದು ವರ್ಷ ಹಿಂಬಾಲಿಸಿ, ಅವರ ಸೊಂಟದ ಮೂಳೆ ಸಾಂದ್ರತೆ ಸರಾಸರಿ ಶೇ 1.5ರಷ್ಟು ಇಳಿದದ್ದನ್ನು ಕಂಡಿತು. ಹೆಚ್ಚು ಕ್ಯಾಲ್ಸಿಯಂ ನುಂಗಿದವರಿಗೂ ಈ ಇಳಿಕೆ ತಪ್ಪಲಿಲ್ಲ.

ಮಾತ್ರೆ ಯಾಕೆ ಸಾಲಲಿಲ್ಲ ಎನ್ನುವುದಕ್ಕೆ ಮೂಳೆಯ ಸ್ವಭಾವದಲ್ಲಿ ಉತ್ತರವಿದೆ. ಮೂಳೆ ತನ್ನ ಮೇಲೆ ಬೀಳುವ ಹೊರೆಗೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ ಎಂದು ಜರ್ಮನ್ ಶಸ್ತ್ರವೈದ್ಯ ಯೂಲಿಯುಸ್ ವೋಲ್ಫ್ 1892ರಲ್ಲೇ ಬರೆದಿದ್ದ. ಎಂಥ ಹೊರೆ, ಎಷ್ಟು ಸಲ? ಇದನ್ನು ಸೊಗಸಾಗಿ ಬಿಡಿಸಿ ತೋರಿಸಿದವರು ಕ್ಲಿಂಟನ್ ರೂಬಿನ್ ಮತ್ತು ಲ್ಯಾನ್ಸ್ ಲ್ಯಾನ್ಯನ್. 1984ರ ಅವರ ಪ್ರಯೋಗದಲ್ಲಿ ಹುಂಜದ ರೆಕ್ಕೆಯ ಒಂದು ಮೂಳೆಗೆ ಸಹಜವಾದ ಹೊರೆಯೆಲ್ಲ ತಪ್ಪಿಸಿ, ಯಂತ್ರದಿಂದ ಲೆಕ್ಕ ಹಾಕಿ ಒತ್ತಡ ಕೊಟ್ಟರು. ಏನೂ ಕೊಡದಿದ್ದರೆ ಮೂಳೆ ಸವೆಯಿತು. ದಿನಕ್ಕೆ ಬರೀ ನಾಲ್ಕು ಸಲ ಒತ್ತಿದರೆ ಸವೆತ ನಿಂತಿತು, 36 ಸಲ ಒತ್ತಿದಾಗ ಹೊಸ ಮೂಳೆ ಬೆಳೆಯಿತು. 1800 ಸಲ ಒತ್ತಿದರೂ ಅದಕ್ಕಿಂತ ಹೆಚ್ಚೇನೂ ಸಿಗಲಿಲ್ಲ! ಅಂದರೆ ಮೂಳೆಗೆ ಬೇಕಾದದ್ದು ಬಲವಾದ, ಥಟ್ಟನೆ ಬಂದು ಹೋಗುವ ಕೆಲವೇ ಪೆಟ್ಟುಗಳು. ಪೆಡಲ್ ತುಳಿತದಲ್ಲಿ ನಡೆಯುವುದು ಇದರ ತದ್ವಿರುದ್ಧ. ಸೀಟು ಮೈಭಾರ ಹೊರುತ್ತದೆ, ಕಾಲು ನುಣ್ಣಗೆ ಸುತ್ತುತ್ತದೆ, ಗಂಟೆಗೆ ಐದು ಸಾವಿರ ಸುತ್ತು ಬಂದರೂ ಮೂಳೆಗೆ ಒಂದು ಪೆಟ್ಟೂ ತಗಲುವುದಿಲ್ಲ. ಮಂಡಿನೋವಿನವರಿಗೆ ಸೈಕಲ್ಲನ್ನು ಒಳ್ಳೆಯದು ಮಾಡುವ ಗುಣವೇ ಇಲ್ಲಿ ಕೊರತೆಯಾಗುತ್ತದೆ. ಬಿಡುವಿನ ತಿಂಗಳುಗಳಲ್ಲಿ ಈಜಿದರೂ ಈ ಕೊರತೆ ತುಂಬದು, ಏಕೆಂದರೆ ಅಲ್ಲಿ ಭಾರ ಹೊರುವುದು ನೀರು. ಓಟ, ಜಿಗಿತ, ಬ್ಯಾಡ್ಮಿಂಟನ್, ಬಾರ್ಬೆಲ್ ಹೊತ್ತ ಸ್ಕ್ವಾಟ್ ಇವು ಬೇಕು. ಯುರೋಪಿನ ಸೈಕ್ಲಿಸ್ಟ್‌ಗಳು ಚಳಿಗಾಲದಲ್ಲಿ ಆಡುವ ಸೈಕ್ಲೋಕ್ರಾಸ್‌ನಲ್ಲಿ ಸೈಕಲ್ಲನ್ನು ಹೆಗಲಿಗೇರಿಸಿ ಕೆಸರಿನ ಏರು ಓಡಿ ಹತ್ತಬೇಕಾಗುತ್ತದೆ. ಮೂಳೆಯ ದೃಷ್ಟಿಯಿಂದ ಅದರ ಬೆಲೆ ಆ ಓಟದಲ್ಲೇ ಇದೆ.

ತುಳಿಯುವುದನ್ನು ಕಲಿಯಲು ತುಳಿಯಲೇಬೇಕು, ಭಾರ ಎತ್ತಿದರೆ ಮೈತೂಕ ಏರಿ ಘಾಟಿಯಲ್ಲಿ ಹಿಂದೆ ಬೀಳುತ್ತೇವೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಶಕ್ತಿ ಮತ್ತು ಸಹನೆಯ ತರಬೇತಿಗಳನ್ನು ಒಟ್ಟಿಗೆ ಮಾಡಿದರೆ ಶಕ್ತಿಯ ಗಳಿಕೆ ಕುಂಠಿತವಾಗುತ್ತದೆ ಎಂದು ರಾಬರ್ಟ್ ಹಿಕ್ಸನ್ 1980ರಲ್ಲಿ ತೋರಿಸಿದ್ದ. ಆದರೆ ಅಲ್ಲಿ ಪೆಟ್ಟು ಬಿದ್ದದ್ದು ಶಕ್ತಿಗೆ, ಸಹನೆಗಲ್ಲ. ಸೈಕ್ಲಿಸ್ಟ್‌ನ ಭಯಕ್ಕೆ ನೇರ ಉತ್ತರ ನಾರ್ವೆಯ ಬೆಂಟ್ ರೊನ್ನೆಸ್ಟಾಡ್ ಅವರ ತಂಡದಿಂದ ಬಂತು. ಹನ್ನೆರಡು ವಾರ ಭಾರ ಎತ್ತಿದ ಸೈಕ್ಲಿಸ್ಟ್‌ಗಳು 185 ನಿಮಿಷ ತುಳಿದು ದಣಿದ ಮೇಲೆ, ಕೊನೆಯ ಐದು ನಿಮಿಷದ ಪೂರ್ಣ ಪ್ರಯತ್ನದಲ್ಲಿ ಸುಮಾರು ಶೇ 7ರಷ್ಟು ಹೆಚ್ಚು ಶಕ್ತಿ ತೋರಿಸಿದರು. ಬರೀ ಸೈಕಲ್ ತುಳಿದವರಲ್ಲಿ ಆ ಏರಿಕೆ ಕಾಣಲಿಲ್ಲ. ಮೂಳೆಗಾಗಿ ಮಾಡಿದ ಕೆಲಸ ರೇಸಿಗೂ ಸಲ್ಲುತ್ತದೆ ಎಂದು ನಂಬಲು ಇದು ಸಾಕಷ್ಟು ಆಧಾರ.

ನನಗೆ ಹೆಚ್ಚು ಕಳವಳ ಹುಟ್ಟಿಸುವುದು ಎಳೆಯರ ವಿಷಯ. ಮನುಷ್ಯ ತನ್ನ ಮೂಳೆಯ ಬಹುಪಾಲನ್ನು ಇಪ್ಪತ್ತರ ಆಸುಪಾಸಿನೊಳಗೆ ಕೂಡಿಸಿಕೊಳ್ಳುತ್ತಾನೆ. ರಾಷ್ಟ್ರಮಟ್ಟದ ಸೈಕ್ಲಿಸ್ಟ್‌ಗಳನ್ನು ಕೊಡುತ್ತ ಬಂದಿರುವ ವಿಜಯಪುರ, ಬಾಗಲಕೋಟೆ ಕಡೆಯ ಮಕ್ಕಳು ಗಂಭೀರವಾಗಿ ತುಳಿಯುವುದೂ ಅದೇ ವಯಸ್ಸಿನಲ್ಲಿ. ಅವರಿಗೆ ಓಟ, ಹಗ್ಗದಾಟ, ಕಬಡ್ಡಿ ಬೇಡವೆನ್ನುವ ತರಬೇತುದಾರ ಮುಂದೆಂದೂ ತುಂಬಿಕೊಡಲಾಗದ್ದನ್ನು ಕಿತ್ತುಕೊಳ್ಳುತ್ತಾನೆ. ಬೆಳೆದವರು ಒಂದು ಎಚ್ಚರ ವಹಿಸಬೇಕು. ಸೈಕ್ಲಿಸ್ಟ್‌ನ ಹೃದಯ ಹತ್ತು ಕಿಲೋಮೀಟರ್ ಓಟಕ್ಕೆ ಮೊದಲ ದಿನವೇ ಸಿದ್ಧವಾಗಿರುತ್ತದೆ, ಕಣಕಾಲಿನ ಮೂಳೆ, ಸ್ನಾಯುರಜ್ಜುಗಳು ಸಿದ್ಧವಿರುವುದಿಲ್ಲ. ಉಸಿರನ್ನು ನಂಬಿ ಓಡಿದವರು ಪೆಟ್ಟು ಮಾಡಿಕೊಳ್ಳುವುದು ಹೀಗೆ. ಮೂಳೆ ಒಂದು ಸುತ್ತು ಹಳೆಯದನ್ನು ಕರಗಿಸಿ ಹೊಸದನ್ನು ಕಟ್ಟಲು ತಿಂಗಳುಗಳೇ ಬೇಕು, ಹಾಗಾಗಿ ಹದಿನೈದು ದಿನದ ಉತ್ಸಾಹದಿಂದ ಏನೂ ಆಗದು. ಋತು ಶುರುವಾದ ಮೇಲೂ ಪೂರ್ತಿ ಬಿಡಬಾರದು. ರೊನ್ನೆಸ್ಟಾಡ್ ತಂಡದ ಮತ್ತೊಂದು ಅಧ್ಯಯನದಲ್ಲಿ, ಗಳಿಸಿದ ಕಾಲಿನ ಶಕ್ತಿಯನ್ನು ಋತುವಿನ ಮೊದಲ ಹದಿಮೂರು ವಾರ ಉಳಿಸಿಕೊಳ್ಳಲು ವಾರಕ್ಕೆ ಒಂದೇ ದಿನದ ಭಾರ ಎತ್ತುವಿಕೆ ಸಾಕಾಗಿತ್ತು.