ಗರಸು ದಾರಿಯ ಸಂರಕ್ಷಣೆಗೆ ಟ್ರಾಕ್ಟರಿನ ಹಿಂಬದಿಯ ಬ್ಲೇಡು

ಊರಿನ ದೊಡ್ಡ ರಸ್ತೆಯಿಂದ ತೋಟದ ಮನೆಗೂ ಕಣಕ್ಕೂ ಹೋಗುವ ಗರಸಿನ ದಾರಿಯು ಸುಸ್ಥಿತಿಯಲ್ಲಿರುವವರೆಗೆ ಯಾರ ಗಮನಕ್ಕೂ ಬರುವುದಿಲ್ಲ. ಅದು ಕೆಟ್ಟ ಮೇಲೆಯೇ ಅದರ ಬೆಲೆ ತಿಳಿಯುವುದು. ಹಾಲಿನ ವಾಹನವು ದೊಡ್ಡ ರಸ್ತೆಯಲ್ಲಿಯೇ ನಿಂತುಬಿಡುವುದು. ರೇಷ್ಮೆಗೂಡು ಹೊತ್ತಿಗೆ ಸರಿಯಾಗಿ ಮಾರುಕಟ್ಟೆಯನ್ನು ಮುಟ್ಟದು. ನಡುರಾತ್ರಿಯಲ್ಲಿ ಹೆರಿಗೆಯ ನೋವು ತಿನ್ನುತ್ತಿರುವ ಹೆಂಗಸನ್ನು ಕೆಸರಿನಾಚೆ ನಿಂತಿರುವ ಆಂಬುಲೆನ್ಸಿನವರೆಗೆ ಮಂಚದ ಮೇಲೆ ಹೊತ್ತುಕೊಂಡು ಹೋಗಬೇಕಾಗುವುದು. ಈಗ ಹೆಚ್ಚಾಗಿ ಎಲ್ಲ ಗ್ರಾಮಗಳಲ್ಲಿಯೂ ಟ್ರಾಕ್ಟರುಗಳು ಇರುವುದರಿಂದ, ಅದರ ಹಿಂದೆ ಕಟ್ಟುವ ಉಕ್ಕಿನ ಬ್ಲೇಡೊಂದಿದ್ದರೆ ಇಂತಹ ದಾರಿಯನ್ನು ವರ್ಷಕ್ಕೆರಡು ದಿನದ ಕೆಲಸದಿಂದ ಕಾಪಾಡಿಕೊಳ್ಳಬಹುದು. ಆದರೆ ಇದೇ ಬ್ಲೇಡು ತಿಳಿಯದವರ ಕೈಗೆ ಸಿಕ್ಕಿದರೆ, ಒಂದೇ ದಿನದಲ್ಲಿ ಒಳ್ಳೆಯ ದಾರಿಯೂ ಹಾಳಾಗುವುದುಂಟು.

ಈ ಲೇಖಕನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಇಲ್ಲಿ ಹೇಳಬಹುದು. ಒಬ್ಬ ಜಮೀನುದಾರರು ಹೊಸ ಬ್ಲೇಡನ್ನು ಕೊಂಡ ಉತ್ಸಾಹದಲ್ಲಿ ಬಿರುಬೇಸಗೆಯಲ್ಲಿ ತಮ್ಮ ದಾರಿಯನ್ನು ಕಣದಂತೆ ಸಮತಟ್ಟಾಗಿ ಹೆರೆಯಿಸಿದರು. ನೋಡುವುದಕ್ಕೆ ಬಹಳ ಚೆನ್ನಾಗಿದ್ದಿತು. ಗರಸೆಲ್ಲವೂ ಎರಡು ಅಂಚುಗಳಲ್ಲಿ ದಿಣ್ಣೆಯಾಗಿ ನಿಂತಿತ್ತು. ಮುಂಗಾರಿನ ಮೊದಲನೆಯ ದೊಡ್ಡ ಮಳೆಗೆ ಆ ದಿಣ್ಣೆಗಳ ನಡುವೆ ದಾರಿಯೇ ಕಾಲುವೆಯಾಗಿ ಹರಿಯಿತು. ಆ ವರ್ಷವೆಲ್ಲ ಅವರ ಆಳುಗಳು ಹಾಲಿನ ಕ್ಯಾನುಗಳನ್ನು ತಲೆಯ ಮೇಲೆ ಹೊತ್ತರು. ಬ್ಲೇಡಿನಲ್ಲಿ ಯಾವ ದೋಷವೂ ಇರಲಿಲ್ಲ.

ಗರಸು ದಾರಿಯನ್ನು ಕೆಡಿಸುವುದು ಗಾಡಿಯ ಚಕ್ರಕ್ಕಿಂತ ಹೆಚ್ಚಾಗಿ ನಿಂತ ನೀರು. ನೀರು ನಿಂತು ಮೆತ್ತಗಾದ ಸ್ಥಳದಲ್ಲಿಯೇ ಚಕ್ರವು ಗುಂಡಿಯನ್ನು ತೋಡುವುದು. ಆದುದರಿಂದ ಬ್ಲೇಡಿನ ಕೆಲಸವು ದಾರಿಯನ್ನು ಸಮತಟ್ಟು ಮಾಡುವುದಲ್ಲ. ಅದಕ್ಕೆ ಆಮೆಯ ಬೆನ್ನಿನಂತೆ ನಡು ಉಬ್ಬನ್ನು ಕೊಟ್ಟು, ಬಿದ್ದ ನೀರು ಆ ಕ್ಷಣದಲ್ಲಿಯೇ ಎರಡು ಪಕ್ಕದ ಚರಂಡಿಗಳಿಗೆ ಇಳಿಯುವಂತೆ ಮಾಡುವುದು. ಮಧ್ಯದಿಂದ ಅಂಚಿಗೆ ಪ್ರತಿ ಅಡಿಗೂ ಅರ್ಧ ಅಂಗುಲದಷ್ಟು ಇಳಿಜಾರು ಇರತಕ್ಕದ್ದು. ಎಂದರೆ 12 ಅಡಿ ಅಗಲದ ದಾರಿಯಲ್ಲಿ ನಡುಭಾಗವು ಅಂಚಿಗಿಂತ 3 ಅಂಗುಲ ಎತ್ತರವಾಗಿರಬೇಕು. ದಾರಿಯ ನಡುವಿನ ಮಟ್ಟಕ್ಕೆ ಅಡ್ಡಲಾಗಿ ಒಂದು ದಾರವನ್ನು ಬಿಗಿದು, ಗಾರೆಯವನ ರಸಮಟ್ಟವನ್ನು ಅದರ ಮೇಲಿಟ್ಟು, ಅಂಚಿನಲ್ಲಿ ದಾರದಿಂದ ನೆಲಕ್ಕೆ ಎಷ್ಟು ಅಂಗುಲವೆಂದು ಅಳೆದು ನೋಡಿದರೆ ಇದು ತಿಳಿಯುವುದು. ಕಣ್ಣಳತೆಯನ್ನು ನಂಬಿದವರು ಸಾಮಾನ್ಯವಾಗಿ ಉಬ್ಬನ್ನು ಕಡಿಮೆ ಇಡುತ್ತಾರೆ.

ಈ ವಿಚಾರವು ಹೊಸದೇನೂ ಅಲ್ಲ. ಅಮೆರಿಕಾದ ಮಿಸ್ಸೂರಿ ಪ್ರಾಂತದ ರೈತರಾದ ಡಿ. ವಾರ್ಡ್ ಕಿಂಗ್ ಎಂಬವರು, ಮರದ ದಿಮ್ಮಿಯೊಂದನ್ನು ಸೀಳಿ ಅದರ ಎರಡು ಹೋಳುಗಳನ್ನು ಒಂದರ ಹಿಂದೊಂದು ಜೋಡಿಸಿ, ಕುದುರೆಗಳಿಂದ ಓರೆಯಾಗಿ ಎಳೆಯಿಸಿ ಮಣ್ಣಿನ ರಸ್ತೆಯನ್ನು ಸರಿಯಾಗಿಟ್ಟುಕೊಳ್ಳುವ ಕ್ರಮವನ್ನು ಪ್ರಚಾರಕ್ಕೆ ತಂದರು. ಆ ದೇಶದ ವ್ಯವಸಾಯ ಇಲಾಖೆಯವರು 1908ರಲ್ಲಿ ಇದನ್ನು ಕುರಿತು ರೈತರಿಗಾಗಿ ಒಂದು ಕಿರುಹೊತ್ತಿಗೆಯನ್ನೇ ಅಚ್ಚು ಹಾಕಿಸಿದರು. ನಮ್ಮ ಗದ್ದೆಗಳಲ್ಲಿ ಹೊಡೆಯುವ ಕೊರಡನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುವುದು. ಮಳೆ ಬಂದು ನೆಲವು ಇನ್ನೂ ಹಸಿಯಾಗಿರುವಾಗಲೇ ಎಳೆಯಬೇಕೆಂಬುದೂ ಓರೆಯಾಗಿ ಎಳೆಯಬೇಕೆಂಬುದೂ ಆ ಕ್ರಮದ ಮುಖ್ಯಾಂಶಗಳು. ಇಂದಿನ ಉಕ್ಕಿನ ಬ್ಲೇಡಿಗೂ ಇವೆರಡೇ ಮುಖ್ಯ.

ಇನ್ನು ಆಯ್ಕೆಯ ವಿಷಯ. ಮೊದಲು ನೋಡತಕ್ಕದ್ದು ತೂಕ. ಟ್ರಾಕ್ಟರಿನ ಹಿಂದಿರುವ ಎತ್ತುವ ತೋಳುಗಳು ಬ್ಲೇಡನ್ನು ಮೇಲಕ್ಕೆತ್ತಬಲ್ಲವೇ ಹೊರತು ಕೆಳಕ್ಕೆ ಅದುಮಲಾರವು. ಬ್ಲೇಡು ತನ್ನ ಭಾರದಿಂದಲೇ ನೆಲವನ್ನು ಕಚ್ಚಬೇಕು. ಇಬ್ಬರು ಆಳುಗಳು ಸಲೀಸಾಗಿ ಎತ್ತಿಡಬಹುದಾದ ಬ್ಲೇಡು ಸಗಣಿಯನ್ನು ಬಳಿಯುವುದಕ್ಕೆ ಆಗಬಹುದು. ಗಟ್ಟಿಯಾದ ಗರಸಿನ ಮೇಲೆ ಅದು ಜಾರಿಕೊಂಡು ಹೋಗುವುದು. ಬೆಲೆ ಕಡಿಮೆಯೆಂದು ಇಂತಹದನ್ನು ಕೊಂಡು ಪಶ್ಚಾತ್ತಾಪ ಪಟ್ಟವರೇ ಹೆಚ್ಚು.

ಎರಡನೆಯದು ಅಗಲ. ಓರೆಯಾಗಿ ತಿರುಗಿಸಿದ ಬ್ಲೇಡು ತನ್ನ ಪೂರ್ಣ ಅಗಲವನ್ನು ಸವರುವುದಿಲ್ಲವೆಂಬುದನ್ನು ಕೊಳ್ಳುವವರು ಮರೆಯುತ್ತಾರೆ. 6 ಅಡಿಯ ಬ್ಲೇಡನ್ನು 30 ಡಿಗ್ರಿ ಓರೆ ಮಾಡಿದರೆ ಸುಮಾರು 5 ಅಡಿ 2 ಅಂಗುಲವನ್ನೂ, 45 ಡಿಗ್ರಿ ಮಾಡಿದರೆ ಸುಮಾರು 4 ಅಡಿ 3 ಅಂಗುಲವನ್ನೂ ಮಾತ್ರ ಸವರುವುದು. ಓರೆ ಮಾಡಿದಾಗಲೂ ಹಿಂದಿನ ಎರಡು ಚಕ್ರಗಳ ಜಾಡನ್ನು ಅಳಿಸುವಷ್ಟು ಅಗಲವಿರಬೇಕು. ಆದುದರಿಂದ ಚಕ್ರಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದುಕೊಂಡೇ ಅಂಗಡಿಗೆ ಹೋಗುವುದು ಯುಕ್ತ. ಆ ಅಳತೆಯು 6 ಅಡಿಯಾದರೆ 7 ಅಡಿಯ ಬ್ಲೇಡು ಬೇಕು. 30 ಡಿಗ್ರಿ ಓರೆಯಲ್ಲಿ ಅದು 6 ಅಡಿಗೆ ಸ್ವಲ್ಪ ಹೆಚ್ಚಾಗಿ ಸವರುವುದು.

ಬ್ಲೇಡು ಎರಡು ಕಡೆಗೂ ಓರೆಯಾಗಿ ನಿಲ್ಲುವಂತೆಯೂ, ಪೂರ್ಣವಾಗಿ ಹಿಂದುಮುಂದಾಗಿ ತಿರುಗುವಂತೆಯೂ ಇರಬೇಕು. ಕೊರೆಯುವ ಅಂಚಿನ ಉಕ್ಕಿನ ಪಟ್ಟಿಯು ಬೋಲ್ಟುಗಳಿಂದ ಕೂಡಿಸಿದ್ದಾಗಿದ್ದು, ಸವೆದಾಗ ಬಿಚ್ಚಿ ಬದಲಾಯಿಸುವಂತಿರಬೇಕು. ಬೆಸುಗೆ ಹಾಕಿದ ಅಂಚಾದರೆ ಅದು ಸವೆದೊಡನೆ ಬ್ಲೇಡಿನ ಆಯುಸ್ಸೇ ಮುಗಿಯಿತು. ಕೊಂಡಿಗಳ ಅಳತೆಯನ್ನೂ ವಿಚಾರಿಸತಕ್ಕದ್ದು. ಸಣ್ಣ ಟ್ರಾಕ್ಟರುಗಳ ಮೊದಲನೆಯ ವರ್ಗದ ಕೆಳತೋಳುಗಳಿಗೆ 22 ಮಿಲಿಮೀಟರಿನ ಪಿನ್ನುಗಳೂ, ದೊಡ್ಡವುಗಳ ಎರಡನೆಯ ವರ್ಗಕ್ಕೆ ಸುಮಾರು 28 ಮಿಲಿಮೀಟರಿನ ಪಿನ್ನುಗಳೂ ಬರುತ್ತವೆ. ವರ್ಷಕ್ಕೆರಡು ದಿನದ ಕೆಲಸಕ್ಕಾಗಿ ಪ್ರತಿಯೊಬ್ಬರೂ ಒಂದೊಂದನ್ನು ಕೊಳ್ಳುವುದಕ್ಕಿಂತ, ನಾಲ್ಕಾರು ಜಮೀನುದಾರರು ಸೇರಿ ಒಂದು ಭಾರವಾದ ಬ್ಲೇಡನ್ನು ಕೊಳ್ಳುವುದು ಉತ್ತಮ. ಗ್ರಾಮದ ಮುಖಂಡರು ಇದಕ್ಕೆ ಮುಂದಾಗಬಹುದು.

ಕೆಲಸದ ಕಾಲವನ್ನು ಕುರಿತು ಇಷ್ಟು ಹೇಳಬಹುದು. ಭರಣಿ ಕೃತ್ತಿಕೆ ಮಳೆಗಳು ಬಿದ್ದ ಮೇಲೆ ಆರಿದ್ರೆಗೆ ಮೊದಲು ಒಂದು ಸಲ, ಸ್ವಾತಿ ವಿಶಾಖೆಗಳ ಕೊನೆಯಲ್ಲಿ ಇನ್ನೊಂದು ಸಲ ಮಾಡಿದರೆ ಸಾಮಾನ್ಯವಾಗಿ ಸಾಕು. ಗರಸನ್ನು ಅಂಗೈಯಲ್ಲಿ ಹಿಡಿದು ಹಿಸುಕಿದರೆ ಉಂಡೆಯಾಗಿ ನಿಲ್ಲಬೇಕು, ಕೈಗೆ ಕೆಸರು ಅಂಟಕೂಡದು. ಒಣಗಿದ ಗರಸನ್ನು ಹೆರೆದರೆ ಬಂಧಕವಾದ ಸಣ್ಣ ಮಣ್ಣು ಧೂಳಾಗಿ ಹಾರಿಹೋಗಿ, ಉಳಿದ ಕಲ್ಲುಗಳು ಒಂದನ್ನೊಂದು ಕಚ್ಚದೆ ಉರುಳಾಡುತ್ತವೆ.

ಮೊದಲು ಅಂಚಿನಿಂದ ಪ್ರಾರಂಭಿಸತಕ್ಕದ್ದು. ಅಲ್ಲಿ ಹುಲ್ಲು ಬೆಳೆದು ಮಣ್ಣು ಕೂಡಿ ಒಂದು ಸಣ್ಣ ಬದುವಾಗಿರುತ್ತದೆ. ನೀರನ್ನು ದಾರಿಯ ಮೇಲೆ ತಡೆದು ನಿಲ್ಲಿಸುವುದು ಇದೇ. ಬ್ಲೇಡಿನ ಮುಂದಿನ ತುದಿ ಅಂಚಿನ ಕಡೆಗೂ, ಹಿಂದಿನ ತುದಿ ದಾರಿಯ ನಡುವಿಗೂ ಇರುವಂತೆ 30 ರಿಂದ 45 ಡಿಗ್ರಿ ಓರೆ ಮಾಡಿ, ಬಲಗಡೆಯ ಎತ್ತುದಂಡದ ತಿರುಪಿನಿಂದ ಅಂಚಿನ ಕಡೆಯ ತುದಿಯನ್ನು ಸ್ವಲ್ಪ ತಗ್ಗಿಸಿ ಎಳೆದರೆ, ಅಂಚಿಗೆ ಸರಿದುಹೋದ ಗರಸು ನಡುವಿಗೆ ಮರಳುವುದು. ಒಂದು ಪಕ್ಕದಲ್ಲಿ ಹೋಗಿ ಇನ್ನೊಂದು ಪಕ್ಕದಲ್ಲಿ ಹಿಂದಿರುಗಿದರೆ ನಡುವೆ ಗರಸಿನ ಸಾಲು ಏಳುವುದು. ಅದರಲ್ಲಿರುವ ಹುಲ್ಲುಗಡ್ಡೆಗಳನ್ನು ಆಳುಗಳಿಂದ ಆರಿಸಿ ತೆಗೆಯಿಸಿ, ಬಳಿಕ ಬ್ಲೇಡನ್ನು ಹಿಂದುಮುಂದು ಮಾಡಿ ಅದರ ಉಬ್ಬಿದ ಬೆನ್ನಿನಿಂದ ಸಾಲನ್ನು ತೆಳುವಾಗಿ ಹರಡಬೇಕು. ಬೆನ್ನು ನೆಲವನ್ನು ಅಗೆಯುವುದಿಲ್ಲವಾದುದರಿಂದ ಹೊಸಬರಿಗೂ ಈ ಕೆಲಸ ಕೆಡುವುದಿಲ್ಲ.

ಗುಂಡಿಗಳ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ, ಅವುಗಳಲ್ಲಿ ಸಡಿಲವಾದ ಗರಸನ್ನು ತುಂಬಿ ಮೇಲೆ ಸವರಿಬಿಡುವುದು. ನಾಲ್ಕು ಮಳೆಯೊಳಗೆ ಅದೇ ಗುಂಡಿ ಅದೇ ಸ್ಥಳದಲ್ಲಿ ಬಾಯಿ ತೆರೆಯುವುದು. ಗುಂಡಿಯ ತಳದವರೆಗೂ ಸುತ್ತಣ ನೆಲವನ್ನು ಕೊರೆದು ಸಡಿಲಿಸಿ, ಆ ಮೇಲೆ ಒಟ್ಟಿಗೆ ಹರಡಿ ಗಟ್ಟಿಸಿದರೆ ಮಾತ್ರ ಅದು ಮಾಯವಾಗುವುದು. ಆಳವಾಗಿ ಕೊರೆಯಬೇಕಾದಾಗ ಮೇಲಿನ ಕೊಂಡಿಯನ್ನು ಉದ್ದ ಮಾಡಿದರೆ ಬ್ಲೇಡಿನ ತಲೆ ಹಿಂದಕ್ಕೆ ವಾಲಿ ಅಂಚು ಚೂಪಾಗಿ ಕೊರೆಯುವುದು. ಗಿಡ್ಡ ಮಾಡಿದರೆ ತಲೆ ಮುಂದಕ್ಕೆ ಬಾಗಿ ಕೊರೆತ ಕಡಿಮೆಯಾಗುವುದು.

ಅನೇಕರು ದಾರಿಯ ಮೇಲೆ ಅಡ್ಡ ಅಲೆಗಳೆದ್ದವೆಂದು ಬ್ಲೇಡನ್ನು ದೂರುತ್ತಾರೆ. ಇದಕ್ಕೆ ಎರಡು ಕಾರಣಗಳುಂಟು. ಒಂದು ವೇಗ: ಗಂಟೆಗೆ 5 ಕಿಲೋಮೀಟರಿನಷ್ಟು, ಎಂದರೆ ಮನುಷ್ಯನು ನಡೆಯುವಷ್ಟು ವೇಗವೇ ಸಾಕು, ಹೆಚ್ಚಾದರೆ ಬ್ಲೇಡು ಕುಣಿಯುವುದು. ಇನ್ನೊಂದು ಕಾರಣವು ಸ್ವಲ್ಪ ಸೂಕ್ಷ್ಮವಾದುದು. ಹ್ಯಾರಿ ಫರ್ಗ್ಯೂಸನ್ ಎಂಬ ಐರ್ಲೆಂಡಿನ ಯಂತ್ರಶಿಲ್ಪಿಯು ರೂಪಿಸಿ, 1936ರಲ್ಲಿ ಮಾರಾಟಕ್ಕೆ ಬಂದ ಟ್ರಾಕ್ಟರಿನಲ್ಲಿ ಅಳವಡಿಸಿದ ಮೂರು ಕೊಂಡಿಗಳ ಏರ್ಪಾಡಿನಲ್ಲಿ, ನೇಗಿಲಿಗೆ ನೆಲವು ಗಟ್ಟಿಯಾಗಿ ಸಿಕ್ಕಿದಾಗ ಯಂತ್ರವೇ ಅದನ್ನು ತುಸು ಮೇಲೆತ್ತುವ ಗುಣವುಂಟು. ಇಂದಿನ ಟ್ರಾಕ್ಟರುಗಳಲ್ಲಿ ಇದನ್ನು ಡ್ರಾಫ್ಟ್ ಕಂಟ್ರೋಲ್ ಎನ್ನುತ್ತಾರೆ. ಉಳುಮೆಗೆ ಇದು ವರವೇ ಸರಿ; ಬ್ಲೇಡಿಗಾದರೋ ಗಟ್ಟಿನೆಲದಲ್ಲಿ ಏಳುತ್ತ ಮೆತ್ತನೆಯ ನೆಲದಲ್ಲಿ ಇಳಿಯುತ್ತ ಅಲೆಗಳನ್ನು ಬರೆಯುವುದು. ಆದುದರಿಂದ ಬ್ಲೇಡಿನ ಕೆಲಸದಲ್ಲಿ ಡ್ರಾಫ್ಟಿನ ಹಿಡಿಯನ್ನು ಬಿಟ್ಟು ಪೊಸಿಷನ್ ಕಂಟ್ರೋಲ್ ಹಿಡಿಯಿಂದಲೇ ಎತ್ತರವನ್ನು ನಿಲ್ಲಿಸತಕ್ಕದ್ದು. ಚಾಲಕನಿಗೆ ಇದನ್ನು ಮಾಲೀಕರೇ ನಿಂತು ತೋರಿಸಿಕೊಡುವುದು ಒಳ್ಳೆಯದು.

ಗರಸು ಹೊರಗೆ ಹೋಗದಂತೆ ನೋಡಿಕೊಳ್ಳುವುದರ ಮಹತ್ವವನ್ನು ಲೆಕ್ಕದಿಂದ ತಿಳಿಯಬಹುದು. 12 ಅಡಿ ಅಗಲದ ದಾರಿಯಲ್ಲಿ 100 ಅಡಿ ಉದ್ದಕ್ಕೆ ಒಂದು ಅಂಗುಲ ದಪ್ಪ ಗರಸೆಂದರೆ ಸರಿಯಾಗಿ 100 ಘನ ಅಡಿ, ಅಂದರೆ ಒಂದು ಬ್ರಾಸ್. ಅಷ್ಟನ್ನು ಚರಂಡಿಗೆ ನೂಕಿದವರು ಮತ್ತೆ ಹಣ ಕೊಟ್ಟು ಹೊಡೆಸಬೇಕು. ಹೊಸದಾಗಿ ಹೊಡೆಸುವಾಗ ಬರಿಯ ಜಲ್ಲಿಯನ್ನಾಗಲಿ ಹೊಳೆಯ ಉರುಟು ಕಲ್ಲನ್ನಾಗಲಿ ತರಿಸಕೂಡದು. ಕಲ್ಲು, ಮರಳು, ಸ್ವಲ್ಪ ಜೇಡಿ ಮೂರೂ ಬೆರೆತ ಗರಸೇ ಕಚ್ಚಿ ನಿಲ್ಲುವುದು. ಹರಡಿದ ಮೇಲೆ ಟ್ರಾಕ್ಟರಿನ ಚಕ್ರಗಳನ್ನು ಮಗ್ಗುಲು ಮಗ್ಗುಲಾಗಿ ಓಡಿಸಿ ಗಟ್ಟಿಸಬೇಕು. ಕಣದ ರೋಣಗಲ್ಲು ಮೂಲೆಯಲ್ಲಿ ಬಿದ್ದಿದ್ದರೆ ಅದನ್ನೂ ಉಪಯೋಗಿಸಬಹುದು. ಕಡಿದಾದ ಇಳಿಜಾರಿನಲ್ಲಿ ಮಾತ್ರ ನಡು ಉಬ್ಬೊಂದರಿಂದಲೇ ಸಾಲದು. ಅಲ್ಲಲ್ಲಿ ಅಡ್ಡ ಮೋರಿಗಳನ್ನು ಇಡಿಸಬೇಕಾಗುವುದು.

ಒಂದು ಅಪಾಯವನ್ನು ವಿಶೇಷವಾಗಿ ಹೇಳಬೇಕಾಗಿದೆ. ಎತ್ತುಗಳಿಂದ ಹಲಗೆ ಹೊಡೆಯುವಾಗ ಭಾರಕ್ಕಾಗಿ ಅದರ ಮೇಲೆ ಆಳು ನಿಲ್ಲುವುದು ನಮ್ಮಲ್ಲಿ ರೂಢಿ. ಅದೇ ರೂಢಿಯಿಂದ ಹುಡುಗರನ್ನು ಟ್ರಾಕ್ಟರಿನ ಬ್ಲೇಡಿನ ಮೇಲೆ ನಿಲ್ಲಿಸುವುದನ್ನು ಕಾಣುತ್ತೇವೆ. ಎತ್ತು ಕೂಗಿದರೆ ನಿಲ್ಲುವುದು, ಯಂತ್ರಕ್ಕೆ ಕೂಗು ಕೇಳಿಸದು. ಬ್ಲೇಡು ಒಂದು ಬಂಡೆಗೆ ತಾಗಿದರೆ ನಿಂತವನು ಅದರ ಮುಂದಕ್ಕೇ ಬೀಳುವನು. ಭಾರ ಸಾಲದಿದ್ದರೆ ಮರಳಿನ ಮೂಟೆಗಳನ್ನು ಚೌಕಟ್ಟಿಗೆ ಬಿಗಿಯಾಗಿ ಕಟ್ಟತಕ್ಕದ್ದು. ಗ್ರಾಮದ ಮುಖಂಡರು ತಮ್ಮ ಊರಿನಲ್ಲಿ ಈ ಪದ್ಧತಿಯನ್ನು ನಿಲ್ಲಿಸಿದರೆ ದೊಡ್ಡ ಉಪಕಾರವಾದೀತು. ನೀರಿನ ಕೊಳವೆಗಳೂ ವಿದ್ಯುತ್ತಿನ ಕೇಬಲ್ಲುಗಳೂ ದಾರಿಯನ್ನು ದಾಟುವ ಸ್ಥಳಗಳಿಗೆ ಮೊದಲೇ ಗೂಟ ನೆಟ್ಟು ಗುರುತು ಮಾಡಿಸಬೇಕು. ಗಡಿಕಲ್ಲುಗಳನ್ನು ಮುಟ್ಟಕೂಡದು. ದಾರಿಯು ಸ್ವಂತದ್ದಾಗಿರದೆ ಊರಿನದಾಗಿದ್ದರೆ ಗ್ರಾಮ ಪಂಚಾಯಿತಿಯ ಒಪ್ಪಿಗೆಯನ್ನು ಪಡೆದೇ ಬ್ಲೇಡನ್ನು ಇಳಿಸತಕ್ಕದ್ದು.

ಕೆಲಸ ಮುಗಿದೊಡನೆ ಬ್ಲೇಡನ್ನು ತೊಳೆದು, ತಿರುಗುವ ಕೀಲಿಗೆ ಗ್ರೀಸು ಹಾಕಿ, ಮರದ ತುಂಡುಗಳ ಮೇಲೆ ನೆರಳಿನಲ್ಲಿ ಇಡಬೇಕು. ಅಂಚುಪಟ್ಟಿಯು ಬೋಲ್ಟಿನ ತಲೆಯ ಸಮೀಪಕ್ಕೆ ಸವೆದಿದ್ದರೆ, ಎರಡು ಕಡೆಯೂ ಅಂಚಿರುವ ಪಟ್ಟಿಯನ್ನು ತಲೆಕೆಳಗು ಮಾಡಿ ಕೂಡಿಸಿದಲ್ಲಿ ಇನ್ನೂ ಅಷ್ಟೇ ಕಾಲ ಬರುವುದು.